ತಾಮ್ರದಲ್ಲಿ ಮಾಡಬಾರದ ಉಳಿತಾಯ

ಅಲ್ಪ ಆದಾಯದಲ್ಲಿ ಒಂದು ವಾಹನವನ್ನು ನಂಬಿಕೊಂಡು ಸಂಸಾರ ಸಾಗಿಸುವವರು ನಮ್ಮ ನಾಡಿನಲ್ಲಿ ಕಡಮೆ ಜನರಲ್ಲ. ಸಂತೆಯಿಂದ ಸಂತೆಗೆ ತರಕಾರಿಯನ್ನು ಒಯ್ಯುವ ಗೂಡ್ಸ್ ಆಟೋದವನು, ಹಳೆಯದೊಂದು ಟ್ರ್ಯಾಕ್ಟರನ್ನು ಕೊಂಡು ತನ್ನ ಹೊಲದೊಡನೆ ನೆರೆಹೊರೆಯವರ ಹೊಲವನ್ನೂ ಬಾಡಿಗೆಗೆ ಉಳುವ ರೈತನು, ಮಲೆನಾಡಿನ ಏರುದಾರಿಗಳಲ್ಲಿ ಶಾಲೆಯ ಮಕ್ಕಳನ್ನೂ ಅಡಕೆಯ ಮೂಟೆಗಳನ್ನೂ ಒಂದೇ ಜೀಪಿನಲ್ಲಿ ಊರು ಮುಟ್ಟಿಸುವ ಚಾಲಕನು, ಇವರಲ್ಲಿ ಪ್ರತಿಯೊಬ್ಬನಿಗೂ, ಬೆಳಗಿನ ಹೊತ್ತು ಕೀಲಿಯನ್ನು ತಿರುಗಿಸಿದಾಗ ಎಂಜಿನ್ನು ತಿರುಗದೆ, 'ಟಕ್' ಎಂಬ ಸದ್ದೊಂದು ಮಾತ್ರ ಕೇಳಿಸಿ ಎಲ್ಲವೂ ಸ್ತಬ್ಧವಾಗಿಬಿಡುವ ಸಂಕಟವು ಪರಿಚಿತವಾದುದೇ ಆಗಿದೆ. ಆಗ ಸುತ್ತ ನೆರೆದವರು, ಗಾಡಿಯ ಮುಂಭಾಗವನ್ನು ತೆರೆದು ನೋಡುವುದಕ್ಕೂ ಮೊದಲೇ, 'ಬ್ಯಾಟರಿ ಹೋಗಿದೆ, ಹೊಸದು ಹಾಕಿಸಿ' ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಗಾಡಿಯ ಒಡೆಯನು ಸಾಲವನ್ನೋ ಕೈಗಡವನ್ನೋ ಮಾಡಿ ಸಾವಿರಾರು ರೂಪಾಯಿಗಳ ಹೊಸ ಬ್ಯಾಟರಿಯನ್ನು ತಂದು ಕೂಡಿಸುತ್ತಾನೆ. ಕೆಲವು ವಾರ ಎಲ್ಲವೂ ಸರಿಯಾಗಿರುವಂತೆ ತೋರಿ, ಮತ್ತೊಂದು ಬೆಳಗ್ಗೆ ಅದೇ ಸದ್ದು, ಅದೇ ಮೌನ.

ಪರೀಕ್ಷೆಯಿಲ್ಲದೆ ಕೊಡುವ ಈ ತೀರ್ಪು ಬಡ ವಾಹನಸ್ಥನಿಗೆ ಮಾಡುವ ಅನ್ಯಾಯವೆಂಬುದು ನನ್ನ ದೃಢವಾದ ಅಭಿಪ್ರಾಯ. ಎಷ್ಟೋ ಸಂದರ್ಭಗಳಲ್ಲಿ ದೋಷವು ಬ್ಯಾಟರಿಯಲ್ಲಿರದೆ, ಬ್ಯಾಟರಿಯಿಂದ ಸೆಲ್ಫ್ ಮೋಟರಿಗೂ ಎಂಜಿನ್ನಿನ ಮೈಗೂ ಹೋಗುವ ಎರಡು ದಪ್ಪ ಕೇಬಲ್ಲುಗಳಲ್ಲಿ, ಅವುಗಳ ತುದಿಗಳಲ್ಲಿ, ಆ ತುದಿಗಳು ಕಚ್ಚಿಕೊಂಡಿರುವ ಸೀಸದ ಗೂಟಗಳಲ್ಲಿ ಅಡಗಿರುತ್ತದೆ. ಕೇಬಲ್ಲುಗಳನ್ನು ಬದಲಾಯಿಸುವ ವೆಚ್ಚ ಕೆಲವು ನೂರು ರೂಪಾಯಿಗಳದು. ಕೈಯಲ್ಲಿ ಸ್ಪಾನರ್ ಹಿಡಿಯಬಲ್ಲ ಯಾರಿಗಾದರೂ ಸಾಧ್ಯವಾದ ಕೆಲಸವದು. ಆದರೆ ಆ ಕೆಲವು ನೂರು ರೂಪಾಯಿಗಳಲ್ಲಿಯೂ ಇನ್ನಷ್ಟು ಉಳಿಸಹೊರಟು, ಅಂಗಡಿಯಲ್ಲಿ ತೂಗುಹಾಕಿರುವ ಅತ್ಯಂತ ಅಗ್ಗದ ಕೇಬಲ್ಲನ್ನು ಕೊಂಡು ತಂದರೆ, ಉಳಿಸಿದ ಹಣದ ಹಲವು ಪಟ್ಟು ಮುಂದೆ ಕೈಬಿಡುವುದು ಖಂಡಿತ. ಉಳಿತಾಯವನ್ನು ಕೂಲಿಯಲ್ಲಿ ಮಾಡಬಹುದು, ಉದ್ದದಲ್ಲಿ ಮಾಡಬಹುದು, ಹೊದಿಕೆಯ ಅಂದಚೆಂದದಲ್ಲಿ ಮಾಡಬಹುದು. ಒಳಗಿನ ತಾಮ್ರದಲ್ಲಿ ಮಾತ್ರ ಮಾಡತಕ್ಕದ್ದಲ್ಲ.

ಈ ಮಾತಿನ ಕಾರಣವನ್ನು ತಿಳಿಯಬೇಕಾದರೆ ಆ ಕೇಬಲ್ಲಿನ ಮೇಲೆ ಬೀಳುವ ಭಾರವನ್ನು ಅರಿಯಬೇಕು. ಮೋಟಾರು ವಾಹನಗಳ ಆರಂಭದ ಕಾಲದಲ್ಲಿ ಎಂಜಿನ್ನನ್ನು ಕೈಯಿಂದಲೇ ಹ್ಯಾಂಡಲ್ ಹಾಕಿ ತಿರುಗಿಸುತ್ತಿದ್ದರು. ಹಿಂದಕ್ಕೆ ಒದೆಯುವ ಆ ಹ್ಯಾಂಡಲಿನಿಂದ ಮಣಿಕಟ್ಟು ಮುರಿದುಕೊಂಡವರೂ ಪ್ರಾಣ ಕಳೆದುಕೊಂಡವರೂ ಇದ್ದರು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಎಂಬ ತಂತ್ರಜ್ಞನು ರೂಪಿಸಿದ ವಿದ್ಯುತ್ ಸ್ಟಾರ್ಟರನ್ನು 1912ರ ಕ್ಯಾಡಿಲಾಕ್ ಕಾರಿನಲ್ಲಿ ಅಳವಡಿಸಿದ ಮೇಲೆ ಆ ಅಪಾಯ ಕ್ರಮೇಣ ದೂರವಾಯಿತು. ನಮ್ಮಲ್ಲಿ ಅಂಬಾಸಡರ್ ಕಾರುಗಳೂ ಜೀಪುಗಳೂ ಬಹುಕಾಲದವರೆಗೆ ಹ್ಯಾಂಡಲನ್ನು ಜೊತೆಯಲ್ಲಿಯೇ ಇಟ್ಟುಕೊಂಡಿದ್ದವು. ಈಗಿನ ಗಾಡಿಗಳಲ್ಲಿ ಹ್ಯಾಂಡಲು ತೂರಿಸಲು ರಂಧ್ರವೇ ಇಲ್ಲವಾದ್ದರಿಂದ, ಎಂಜಿನ್ನನ್ನು ಹೊರಡಿಸುವ ಸಮಸ್ತ ಹೊಣೆಯೂ ಬ್ಯಾಟರಿ, ಸೆಲ್ಫ್ ಮೋಟರು, ಇವೆರಡರ ನಡುವಣ ತಂತಿ, ಈ ಮೂರರ ಮೇಲೆಯೇ ನಿಂತಿದೆ.

ಮುಂದಿನ ಎರಡು ದೊಡ್ಡ ದೀಪಗಳು ಉರಿಯುವಾಗ ಹರಿಯುವ ವಿದ್ಯುತ್ಪ್ರವಾಹವು ಸುಮಾರು 10 ಆಂಪಿಯರು. ಸಣ್ಣ ಪೆಟ್ರೋಲ್ ಕಾರಿನ ಸೆಲ್ಫ್ ಮೋಟರು ಎಂಜಿನ್ನನ್ನು ತಿರುಗಿಸುವಾಗ 100ರಿಂದ 200 ಆಂಪಿಯರುಗಳನ್ನು ಎಳೆಯುತ್ತದೆ; ಡೀಸೆಲ್ ಟ್ರ್ಯಾಕ್ಟರಿನದು 300ನ್ನೂ ದಾಟಬಹುದು. 'ಲೈಟು ಚೆನ್ನಾಗಿಯೇ ಉರಿಯುತ್ತದೆ, ಹಾರನ್ನೂ ಹೊಡೆಯುತ್ತದೆ, ಸೆಲ್ಫ್ ಮಾತ್ರ ತೆಗೆದುಕೊಳ್ಳುವುದಿಲ್ಲ' ಎಂದು ಚಾಲಕರು ಹೇಳುವ ದೂರಿನ ರಹಸ್ಯವು ಇಲ್ಲಿದೆ. ಜರ್ಮನಿಯ ಓಮ್ 1827ರಲ್ಲಿ ಪ್ರಕಟಿಸಿದ ನಿಯಮದಂತೆ, ತಂತಿಯಲ್ಲಿ ನಷ್ಟವಾಗುವ ವೋಲ್ಟೇಜು ಅದರ ರೋಧವನ್ನೂ ಅದರಲ್ಲಿ ಹರಿಯುವ ಪ್ರವಾಹವನ್ನೂ ಗುಣಿಸಿದಷ್ಟು. ಕೊಳೆತ ಒಂದು ಸಂಧಿಯಲ್ಲಿ 10 ಮಿಲಿಓಮಿನಷ್ಟು, ಎಂದರೆ ಒಂದು ಓಮಿನ ನೂರನೆಯ ಒಂದು ಭಾಗದಷ್ಟು, ರೋಧ ಸೇರಿಕೊಂಡಿದೆಯೆಂದು ಇಟ್ಟುಕೊಳ್ಳೋಣ. ದೀಪಗಳ 10 ಆಂಪಿಯರಿಗೆ ಅದರಿಂದ ಆಗುವ ನಷ್ಟ ಕೇವಲ 0.1 ವೋಲ್ಟು, ಕಣ್ಣಿಗೆ ತಿಳಿಯುವುದೇ ಇಲ್ಲ. ಅದೇ ಸಂಧಿಯ ಮೂಲಕ 200 ಆಂಪಿಯರುಗಳು ಹಾಯಬೇಕಾದಾಗ 2 ವೋಲ್ಟುಗಳು ನಡುದಾರಿಯಲ್ಲಿಯೇ ಕರಗಿ, 400 ವಾಟ್‌ಗಳ ಶಾಖವಾಗಿ ಆ ಚಿಕ್ಕ ಸಂಧಿಯನ್ನೇ ಸುಡುತ್ತವೆ. ಕೆರೆ ತುಂಬಿ ತುಳುಕುತ್ತಿದ್ದರೂ ತೂಬಿನಲ್ಲಿ ಹೂಳು ಕಟ್ಟಿಕೊಂಡರೆ ಗದ್ದೆ ಒಣಗುವುದಷ್ಟೆ. ಅಂಥ ವೇಳೆಯಲ್ಲಿ ಬ್ಯಾಟರಿಯನ್ನು ಬದಲಾಯಿಸುವುದು ಹೂಳನ್ನು ಹಾಗೆಯೇ ಬಿಟ್ಟು ಕೆರೆಯ ಏರಿಯನ್ನು ಎತ್ತರಿಸಿದಂತೆ.

ಕೇಬಲ್ಲು ಕೆಡುವ ಬಗೆಯೂ ತಿಳಿಯತಕ್ಕ ವಿಷಯ. ಸೀಸದ ಬ್ಯಾಟರಿಯೊಳಗಿರುವುದು ನೀರಿನೊಡನೆ ಬೆರೆತ ಗಂಧಕಾಮ್ಲ. ಚಾರ್ಜು ಆಗುವಾಗ ಹೊರಬರುವ ಅನಿಲಗಳೊಡನೆ ಈ ಆಮ್ಲದ ಸೂಕ್ಷ್ಮ ಹನಿಗಳೂ ಹೊರಟು, ಗೂಟದ ಬುಡದಲ್ಲಿಯೂ ಕೇಬಲ್ಲಿನ ತುದಿಯಲ್ಲಿಯೂ ಕುಳಿತು, ಲೋಹವನ್ನು ಮೆಲ್ಲನೆ ತಿನ್ನತೊಡಗುತ್ತವೆ. ಸೀಸದ ಮೇಲೆ ಬಿಳಿಯ ಪುಡಿ, ತಾಮ್ರದ ಮೇಲೆ ನೀಲಿಹಸಿರಿನ ಹರಳು ಕಟ್ಟಿಕೊಳ್ಳುತ್ತದೆ. ಅಡಕೆ ತೋಟದವರು ಕೊಳೆರೋಗಕ್ಕೆ ಸುಣ್ಣದೊಡನೆ ಬೆರಸಿ ಸಿಂಪಡಿಸುವ ಮೈಲುತುತ್ತದ ಬಣ್ಣವನ್ನು ಬಲ್ಲವರಿಗೆ ಈ ಹರಳುಗಳ ಗುರುತು ಹೇಳಬೇಕಾದುದಿಲ್ಲ. ಎರಡೂ ತಾಮ್ರ ಗಂಧಕಾಮ್ಲಗಳ ಸಂಯೋಗದಿಂದಲೇ ಹುಟ್ಟಿದವು. ಹೊರಗೆ ಕಾಣುವ ಪುಡಿಯನ್ನು ತೊಳೆದು ತೆಗೆಯುವುದು ಸುಲಭ. ಕೇಬಲ್ಲಿನ ರಬ್ಬರು ಹೊದಿಕೆಯ ಕೆಳಗೆ ಎಳೆಎಳೆಯಾಗಿ ಒಳಗೊಳಗೇ ಹಬ್ಬುವ ಕೊಳೆತವೇ ಭಯಂಕರ; ಹೊರಮೈ ಹೊಸದರಂತೆ ಕಂಡರೂ ಹೊದಿಕೆಯನ್ನು ಸೀಳಿ ನೋಡಿದರೆ ತಾಮ್ರವು ಕಪ್ಪಾಗಿ, ಬೆರಳಲ್ಲಿ ಉಜ್ಜಿದರೆ ಪುಡಿಯಾಗುವಷ್ಟು ಜೀರ್ಣವಾಗಿರುತ್ತದೆ. ಕರಾವಳಿಯ ಉಪ್ಪುಗಾಳಿಯೂ ಮಲೆನಾಡಿನ ತಿಂಗಳುಗಟ್ಟಲೆಯ ಮಳೆಯೂ ಈ ಕಾರ್ಯವನ್ನು ಶೀಘ್ರಗೊಳಿಸುತ್ತವೆ.

ಆದಕಾರಣ ಹಣವನ್ನು ಕೈಯಿಂದ ಬಿಡುವ ಮೊದಲು ಪರೀಕ್ಷೆ ಮಾಡಬೇಕು. ಇದಕ್ಕೆ ಬೇಕಾದುದು ಕೆಲವು ನೂರು ರೂಪಾಯಿಗಳಿಗೆ ದೊರೆಯುವ ಒಂದು ಮಲ್ಟಿಮೀಟರು. ಹಳ್ಳಿಯಲ್ಲಿ ನಾಲ್ಕು ಮನೆಯವರು ಸೇರಿ ಒಂದನ್ನು ಕೊಂಡಿಟ್ಟರೂ ಸಾಕು. ರಾತ್ರಿಯೆಲ್ಲ ನಿಂತ ಗಾಡಿಯ ಬ್ಯಾಟರಿಯ ಎರಡು ಗೂಟಗಳ ನಡುವೆ ಅಳೆದಾಗ 12.6 ವೋಲ್ಟಿನ ಸಮೀಪ ತೋರಿಸಿದರೆ ಅದು ತುಂಬಿದ ಬ್ಯಾಟರಿ. 12 ವೋಲ್ಟಿಗೂ ಇಳಿದಿದ್ದರೆ ಮೊದಲು ಚಾರ್ಜು ಮಾಡಿಸಬೇಕು. ಅನಂತರ ಗೇರನ್ನು ನ್ಯೂಟ್ರಲ್ಲಿಗೆ ತಂದು, ಎಂಜಿನ್ನು ಹೊತ್ತಿಕೊಳ್ಳದಂತೆ ಇಂಧನವನ್ನು ತಡೆದು, ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಗೂಟದ ಸೀಸದ ಮೇಲೆಯೇ, ಕ್ಲಾಂಪಿನ ಮೇಲಲ್ಲ, ಒತ್ತಿ ಹಿಡಿದು, ಇನ್ನೊಂದನ್ನು ಎಂಜಿನ್ನಿನ ಬಣ್ಣವಿಲ್ಲದ ಲೋಹಭಾಗಕ್ಕೆ ತಾಗಿಸಿ, ಮತ್ತೊಬ್ಬರಿಂದ ಸೆಲ್ಫ್ ಹೊಡೆಸಬೇಕು. ಆ ಕ್ಷಣದಲ್ಲಿ ಮೀಟರು 0.2 ವೋಲ್ಟಿನೊಳಗೆ ನಿಂತರೆ ಎಂಜಿನ್ನಿನ ಮೈಗೆ ಹೋಗುವ ಅರ್ತಿನ ಕೇಬಲ್ಲು ಆರೋಗ್ಯವಾಗಿದೆ. ಅರ್ಧ ವೋಲ್ಟು, ಒಂದು ವೋಲ್ಟು ಎಂದು ಏರಿದರೆ ದೋಷವು ಅಲ್ಲಿಯೇ ಇದೆ. ಪ್ಲಸ್ ಗೂಟದಿಂದ ಸೆಲ್ಫ್ ಮೋಟರಿನ ಬೋಲ್ಟಿನವರೆಗೆ ಇದೇ ರೀತಿ ಅಳೆದಾಗ, ನಡುವಣ ಸೊಲೆನಾಯ್ಡ್ ಸ್ವಿಚ್ಚನ್ನೂ ಸೇರಿಸಿಕೊಂಡು, ಅರ್ಧ ವೋಲ್ಟನ್ನು ಮೀರಬಾರದು. ಈ ಪರೀಕ್ಷೆಗೆ ಹಿಡಿಯುವ ಕಾಲ ಒಂದು ಲೋಟ ಕಾಫಿ ಕುಡಿಯುವಷ್ಟು. ಇದನ್ನು ಮಾಡದೆ ಬ್ಯಾಟರಿ ಮಾರುವವನು ತನ್ನ ವೃತ್ತಿಗೆ ದ್ರೋಹ ಮಾಡುತ್ತಾನೆಂದು ಹೇಳಲು ನಾನು ಹಿಂಜರಿಯುವುದಿಲ್ಲ.

ಇನ್ನು ಮಾರುಕಟ್ಟೆಯ ವಿಷಯಕ್ಕೆ ಬರೋಣ. ನಾನು ಈ ಲೇಖನವನ್ನು ಬರೆಯತೊಡಗಿದುದೇ ಮುಖ್ಯವಾಗಿ ಇದರ ನಿಮಿತ್ತ. ಬಿಡಿಭಾಗಗಳ ಅಂಗಡಿಗಳಲ್ಲಿ ಎರಡು ತುದಿಗೂ ಟರ್ಮಿನಲ್ ಕೂಡಿಸಿ, ಕೆಂಪು ಕಪ್ಪು ಬಣ್ಣಗಳಲ್ಲಿ ಹೊಳೆಯುವಂತೆ ಸಿದ್ಧಪಡಿಸಿದ ಕೇಬಲ್ಲುಗಳು ಸಾಲಾಗಿ ತೂಗಾಡುತ್ತಿರುತ್ತವೆ. ಅವುಗಳಲ್ಲಿ ಕೆಲವು ಶುದ್ಧ ತಾಮ್ರದವು. ಕೆಲವು ಅಲ್ಯೂಮಿನಿಯಮ್ ಎಳೆಗಳ ಮೇಲೆ ತಾಮ್ರದ ತೆಳುವಾದ ಕವಚವನ್ನು ಹೊದಿಸಿದವು. ತುದಿಯನ್ನು ನೋಡಿದರೆ ಎರಡೂ ಕೆಂಪಗೆ ತಾಮ್ರದಂತೆಯೇ ಕಾಣುತ್ತವೆ. ಅಲ್ಯೂಮಿನಿಯಮ್ಮಿನ ವಿದ್ಯುದ್ವಾಹಕತೆ ತಾಮ್ರದ ವಾಹಕತೆಯ ನೂರಕ್ಕೆ 61 ಪಾಲು ಮಾತ್ರ. ಕವಚ ಹೊದ್ದ ತಂತಿಯದು ಅದಕ್ಕಿಂತ ಅಲ್ಪಸ್ವಲ್ಪ ಮೇಲು. ಕೊಳ್ಳುವವನಿಗೆ ಇದನ್ನು ತಿಳಿಸಿ, ಅದಕ್ಕೆ ತಕ್ಕ ಬೆಲೆಗೆ, ತಕ್ಕ ದಪ್ಪದಲ್ಲಿ ಮಾರಿದರೆ ಆಕ್ಷೇಪಣೆಗೆ ಎಡೆಯಿಲ್ಲ. ನಾಡಿನ ಉದ್ದಗಲಕ್ಕೂ ವಿದ್ಯುತ್ತನ್ನು ಹೊತ್ತು ಸಾಗುವ ದೊಡ್ಡ ಮಾರ್ಗಗಳ ತಂತಿಗಳು ಅಲ್ಯೂಮಿನಿಯಮ್ಮಿನವೇ ಆಗಿವೆ, ಅಲ್ಲಿ ಅವು ಯೋಗ್ಯವಾಗಿಯೇ ಕೆಲಸ ಮಾಡುತ್ತವೆ. ಆದರೆ ಸದಾ ನಡುಗುವ, ಕಾಯುವ, ಆಮ್ಲದ ಆವಿ ಸೋಕುವ ಎಂಜಿನ್ನಿನ ಗೂಡಿನಲ್ಲಿ, ತಾಮ್ರದ ಕೇಬಲ್ಲಿದ್ದ ಜಾಗದಲ್ಲಿ, ಅದೇ ದಪ್ಪದ ಅಲ್ಯೂಮಿನಿಯಮ್ ತಂತಿಯನ್ನು ಮೌನವಾಗಿ ಕೂಡಿಸುವುದು ವಂಚನೆ. ಬಿಗಿದ ಬೋಲ್ಟಿನ ಒತ್ತಡಕ್ಕೆ ಅಲ್ಯೂಮಿನಿಯಮ್ಮು ಕಾಲಕ್ರಮದಲ್ಲಿ ಮೆಲ್ಲನೆ ಜರುಗಿ ಸಡಿಲವಾಗುತ್ತದೆ. ಗಾಳಿಗೆ ತೆರೆದಲ್ಲೆಲ್ಲ ವಿದ್ಯುತ್ತನ್ನು ತಡೆಯುವ ಒಂದು ಪೊರೆಯನ್ನು ತಳೆಯುತ್ತದೆ. ತೇವದಲ್ಲಿ ತಾಮ್ರ ಹಿತ್ತಾಳೆಗಳ ಸಂಗದಲ್ಲಿದ್ದರೆ ತಾನು ಮೊದಲು ಕ್ಷಯಿಸುತ್ತದೆ. ಕತ್ತರಿಸಿದ ತುದಿಯಲ್ಲಿ ತಾಮ್ರದ ಕವಚಕ್ಕೆ ರಕ್ಷಣೆಯ ಶಕ್ತಿ ಇಲ್ಲದಿರುವುದರಿಂದ ಈ ಮೂರು ದೋಷಗಳೂ ಅಲ್ಲಿಂದಲೇ ಪ್ರಾರಂಭವಾಗುತ್ತವೆ.

ನಿಜವಾದ ತಾಮ್ರವನ್ನು ಗುರುತಿಸಲು ಪ್ರಯೋಗಶಾಲೆ ಬೇಕಿಲ್ಲ. ಒಂದು ಎಳೆಯನ್ನು ಬ್ಲೇಡಿನಿಂದ ಹೆರೆದು ನೋಡಬೇಕು. ಒಳಗೂ ಹೊರಗೂ ಕೆಂಪಾಗಿದ್ದರೆ ತಾಮ್ರ. ಹೊರಗೆ ಕೆಂಪು, ಒಳಗೆ ಬಿಳುಪು ಆದರೆ ಕವಚ ಹೊದ್ದ ಅಲ್ಯೂಮಿನಿಯಮ್ಮು. ಹೊರಗೆ ಬಿಳುಪಾಗಿದ್ದು ಒಳಗೆ ಕೆಂಪು ಕಂಡರೆ ಹೆದರಬೇಕಾದುದಿಲ್ಲ. ಅದು ತವರದ ಕಲಾಯಿ ಮಾಡಿದ ತಾಮ್ರ, ಕರಾವಳಿಯವರಿಗಂತೂ ಅದೇ ಉತ್ತಮ. ಬೆಂಕಿಪೊಟ್ಟಣವೊಂದಿದ್ದರೆ ಇನ್ನೊಂದು ಪರೀಕ್ಷೆಯೂ ಉಂಟು: ಅಲ್ಯೂಮಿನಿಯಮ್ಮು 660 ಡಿಗ್ರಿಯಲ್ಲಿ ಕರಗುವುದರಿಂದ ಅದರ ಸಣ್ಣ ಎಳೆ ಜ್ವಾಲೆಯಲ್ಲಿ ಬೇಗನೆ ಬಾಗಿ ತುಂಡಾಗುತ್ತದೆ, ತಾಮ್ರಕ್ಕೆ 1085 ಡಿಗ್ರಿಯ ಶಾಖ ಬೇಕಾದ್ದರಿಂದ ಅದು ಕೆಂಪಗೆ ಕಾದು ಹಾಗೆಯೇ ನಿಲ್ಲುತ್ತದೆ. ಕೈಯಲ್ಲಿ ತೂಗಿ ನೋಡಿದರೂ ಅಂತರ ತಿಳಿಯುತ್ತದೆ, ಏಕೆಂದರೆ ತಾಮ್ರವು ಅಲ್ಯೂಮಿನಿಯಮ್ಮಿಗಿಂತ ಮೂರು ಪಟ್ಟಿಗೂ ಮಿಗಿಲಾದ ಭಾರದ ಲೋಹ. ಕೇಬಲ್ಲಿನ ಹೊರದಪ್ಪವನ್ನು ಮಾತ್ರ ನಂಬಲೇಬಾರದು. ದಪ್ಪನೆಯ ಪ್ಲಾಸ್ಟಿಕ್ ಹೊದಿಕೆಯೊಳಗೆ ಬಡಕಲು ತಂತಿಯನ್ನಿಟ್ಟು ಮಾರುವುದು ಈ ವ್ಯಾಪಾರದ ಹಳೆಯ ಚಾಳಿ.

ತಂತಿಯ ದಪ್ಪವನ್ನು ಚದರ ಮಿಲಿಮೀಟರುಗಳಲ್ಲಿ ಹೇಳುತ್ತಾರೆ. 25 ಚದರ ಮಿಲಿಮೀಟರಿನ ತಾಮ್ರದ ಕೇಬಲ್ಲಿಗೆ ಮೀಟರಿಗೆ ಸುಮಾರು 0.75 ಮಿಲಿಓಮಿನ ರೋಧವಿರುತ್ತದೆ. ಟ್ರ್ಯಾಕ್ಟರೊಂದರಲ್ಲಿ ಹೋಗುವ ಬರುವ ದಾರಿಗಳೆರಡೂ ಸೇರಿ 2 ಮೀಟರು ಎಂದೂ, ಪ್ರವಾಹ 300 ಆಂಪಿಯರು ಎಂದೂ ಎಣಿಸಿದರೆ ಈ ಕೇಬಲ್ಲಿನಲ್ಲಿ ಕಳೆದುಹೋಗುವುದು ಸುಮಾರು 0.45 ವೋಲ್ಟು. ಅದೇ ದಪ್ಪದ ಕವಚದ ಅಲ್ಯೂಮಿನಿಯಮ್ಮಾದರೆ ನಷ್ಟವು 0.7 ವೋಲ್ಟಿಗೆ ಏರುತ್ತದೆ. 50 ಚದರ ಮಿಲಿಮೀಟರಿನ ತಾಮ್ರವಾದರೆ 0.23ಕ್ಕೆ ಇಳಿಯುತ್ತದೆ. ಚಳಿಗಾಲದ ಮುಂಜಾನೆ, ಎಣ್ಣೆ ಗಟ್ಟಿಯಾಗಿ ಬ್ಯಾಟರಿಯೂ ಕುಗ್ಗಿರುವಾಗ, ಎಂಜಿನ್ನು ಹೊರಡುವುದೂ ಹೊರಡದಿರುವುದೂ ಈ ಅರ್ಧ ವೋಲ್ಟಿನ ಅಂತರದಲ್ಲಿ ನಿರ್ಧಾರವಾಗುತ್ತದೆ. ಎಲ್ಲ ವಾಹನಗಳಿಗೂ ಒಂದೇ ಅಳತೆಯನ್ನು ವಿಧಿಸುವುದು ಸರಿಯಲ್ಲ; ಕಾರ್ಖಾನೆಯವರು ಹಾಕಿದ್ದ ಕೇಬಲ್ಲಿನ ತಾಮ್ರಕ್ಕಿಂತ ಕಡಮೆಯಾಗದಂತೆ, ಆದರೆ ಒಂದು ಅಳತೆ ಮೇಲಾದರೂ ಚಿಂತೆಯಿಲ್ಲದಂತೆ ಆರಿಸಿಕೊಂಡರೆ ಸಾಕು.

ಅಗ್ಗವಾಗಿಯೂ ಒಳ್ಳೆಯದಾಗಿಯೂ ಕೇಬಲ್ಲನ್ನು ಮಾಡಿಸಿಕೊಳ್ಳುವ ದಾರಿ ನಮ್ಮ ಪ್ರತಿಯೊಂದು ತಾಲ್ಲೂಕು ಕೇಂದ್ರದಲ್ಲಿಯೂ ಇದೆ. ವೆಲ್ಡಿಂಗ್ ಕೆಲಸಕ್ಕೆ ಉಪಯೋಗಿಸುವ ಕೇಬಲ್ಲು ನೂರಾರು ಸಣ್ಣ ಎಳೆಗಳಿಂದ ಕೂಡಿ, ಮೃದುವಾಗಿ ಬಾಗುವಂಥದಾಗಿ, ಗಟ್ಟಿ ರಬ್ಬರಿನ ಹೊದಿಕೆಯುಳ್ಳದ್ದಾಗಿ, ಮೀಟರಿನ ಲೆಕ್ಕದಲ್ಲಿ ಹಾರ್ಡ್‌ವೇರ್ ಅಂಗಡಿಗಳಲ್ಲಿ ದೊರೆಯುತ್ತದೆ. ಇದರಲ್ಲಿಯೂ ಅಲ್ಯೂಮಿನಿಯಮ್ಮಿನ ಜಾತಿ ಉಂಟಾದ್ದರಿಂದ ತಾಮ್ರದ್ದೆಂದು ಕೇಳಿ, ಹೆರೆದು ನೋಡಿಯೇ ಕೊಳ್ಳಬೇಕು; ಶಾಖವನ್ನೂ ಎಣ್ಣೆಯನ್ನೂ ತಡೆಯುವ ಹೊದಿಕೆಯದನ್ನು, ಅಂಗಡಿಯವರು ಎಚ್‌ಒಎಫ್‌ಆರ್ ಎಂದು ಕರೆಯುವುದನ್ನು, ಆರಿಸಿಕೊಳ್ಳಬೇಕು. ಹಳೆಯ ಕೇಬಲ್ಲನ್ನು ಜೊತೆಗೇ ಒಯ್ದು, ದಾರದಿಂದ ಅದರ ಉದ್ದವನ್ನು ಅಳೆದು, ಒಂದು ಗೇಣು ಹೆಚ್ಚಾಗಿ ಕತ್ತರಿಸಿಕೊಂಡರೆ ವ್ಯರ್ಥವಾಗುವುದು ಅತ್ಯಲ್ಪ. ಬೆಂಗಳೂರಿನವರಿಗೆ ಜೆ.ಸಿ. ರಸ್ತೆಯ ಸಾಲು ಅಂಗಡಿಗಳಿರುವಾಗ ಕೊರತೆಯೇ ಇಲ್ಲ.

ತುದಿಗೆ ಹಾಕುವ ತಿಂಬಲ್ಲುಗಳೂ ತಾಮ್ರದವೇ ಆಗಿರಬೇಕು, ಕೇಬಲ್ಲಿನ ಅಳತೆಗೆ ಸರಿಯಾಗಿ ಹೊಂದಬೇಕು. ಅವುಗಳನ್ನು ಒತ್ತಿ ಕಚ್ಚಿಸುವ ಕೆಲಸದಲ್ಲಿಯೇ ಕೇಬಲ್ಲಿನ ಆಯುಸ್ಸು ಅಡಗಿದೆ. ಸುತ್ತಿಗೆಯಿಂದ ಜಜ್ಜಿದ ತಿಂಬಲ್ಲು ಒಂದು ಕಡೆ ಚಪ್ಪಟೆಯಾಗಿ ಮತ್ತೊಂದು ಕಡೆ ಟೊಳ್ಳಾಗಿ ಉಳಿದು, ಆ ಟೊಳ್ಳಿನಲ್ಲಿ ಆಮ್ಲಕ್ಕೂ ತೇವಕ್ಕೂ ಮನೆಮಾಡಿಕೊಡುತ್ತದೆ. ಹೈಡ್ರಾಲಿಕ್ ಕ್ರಿಂಪಿಂಗ್ ಉಪಕರಣದಿಂದ ಆರು ಮೂಲೆಯಾಗಿ ಒತ್ತಿದಾಗ ಎಳೆಗಳೂ ತಿಂಬಲ್ಲೂ ಒಂದೇ ಲೋಹದ ಗಟ್ಟಿಯಂತಾಗಿ ಗಾಳಿಯೂ ನುಸುಳದಂತಾಗುತ್ತದೆ. ಈ ಉಪಕರಣವನ್ನು ಕೊಳ್ಳಬೇಕಾದ ಅಗತ್ಯವಿಲ್ಲ. ಪಂಪ್‌ಸೆಟ್ಟಿನ ಮೋಟರುಗಳನ್ನು ರಿವೈಂಡಿಂಗ್ ಮಾಡುವ ಅಂಗಡಿಗಳಲ್ಲಿ, ವಿದ್ಯುತ್ ಗುತ್ತಿಗೆದಾರರಲ್ಲಿ, ಯುಪಿಎಸ್ ಮತ್ತು ಸೋಲಾರ್ ಕೂಡಿಸುವವರಲ್ಲಿ ಅದು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಸ್ವಲ್ಪ ಕೂಲಿ ಕೊಟ್ಟರೆ ನಾಲ್ಕು ತುದಿಗಳನ್ನೂ ನಿಮ್ಮ ಕಣ್ಣೆದುರಿಗೇ ಒತ್ತಿಕೊಡುತ್ತಾರೆ. ಬೆಸುಗೆ ಹಾಕುವುದೇ ಶ್ರೇಷ್ಠವೆಂದು ವಾದಿಸುವ ಹಿರಿಯ ಮೇಸ್ತ್ರಿಗಳುಂಟು. ಅವರ ಕೈಚಳಕದ ಬಗ್ಗೆ ನನಗೆ ಗೌರವವಿದ್ದರೂ, ಬೆಸುಗೆಯ ಲೋಹ ಎಳೆಗಳ ನಡುವೆ ಮೇಲಕ್ಕೇರಿ ಕೇಬಲ್ಲನ್ನು ಕಡ್ಡಿಯಂತೆ ಸೆಟೆಸುವುದೂ, ಆ ಸೆಟೆದ ಭಾಗ ಮುಗಿಯುವಲ್ಲಿಯೇ ಎಳೆಗಳು ಅದುರಿ ಅದುರಿ ತುಂಡಾಗುವುದೂ, ಸಂಧಿ ಅತಿಯಾಗಿ ಕಾದಾಗ 190 ಡಿಗ್ರಿಯ ಆಸುಪಾಸಿನಲ್ಲಿಯೇ ಬೆಸುಗೆ ಕರಗುವುದೂ ಅಲ್ಲಗಳೆಯಲಾಗದ ಸಂಗತಿಗಳು. ಒತ್ತಿದ ತುದಿಯ ಮೇಲೆ ಒಳಗೆ ಅಂಟಿರುವ ಸ್ಲೀವನ್ನು ಹಾಕಿ ಬಿಸಿಮಾಡಿ ಮುಚ್ಚಿಬಿಟ್ಟರೆ ಆಮ್ಲದ ಹಾದಿ ಕಟ್ಟಿದಂತೆಯೇ ಸರಿ. ಕೊಳೆತ ತುದಿಯನ್ನು ಕತ್ತರಿಸಿ, ಎರಡು ಬೋಲ್ಟಿನ ಪಟ್ಟಿಯ ಕೆಳಗೆ ಬರಿಯ ಎಳೆಗಳನ್ನು ಬಿಗಿಯುವ ಅಗ್ಗದ ಟರ್ಮಿನಲ್ಲುಗಳನ್ನು ಮಾತ್ರ ದಾರಿಯ ಮಧ್ಯದ ಆಪತ್ತಿಗೆ ಮೀಸಲಾಗಿಡಬೇಕು. ತೆರೆದ ಎಳೆಗಳು ಆಮ್ಲವನ್ನು ಬತ್ತಿಯಂತೆ ಹೀರಿ ಬಹುಬೇಗ ಕೊಳೆಯುತ್ತವೆ.

ಪ್ಲಸ್ ಕೇಬಲ್ಲಿಗೆ ದೊರೆಯುವ ಗಮನ ಅರ್ತಿನ ಕೇಬಲ್ಲಿಗೆ ದೊರೆಯುವುದಿಲ್ಲ. ಇದು ದೊಡ್ಡ ಅವಿವೇಕ. ಸೆಲ್ಫ್ ಮೋಟರಿಗೆ ಹೋದ ಪ್ರವಾಹವೆಲ್ಲವೂ ಎಂಜಿನ್ನಿನ ಮೈಯಿಂದ ಬ್ಯಾಟರಿಗೆ ಹಿಂದಿರುಗಲೇಬೇಕು. ಎಂಜಿನ್ನು ರಬ್ಬರಿನ ದಿಂಬುಗಳ ಮೇಲೆ ಕುಳಿತಿರುವುದರಿಂದ ಅದಕ್ಕೂ ಚಾಸಿಗೂ ನಡುವೆ ಹೆಣೆದ ತಾಮ್ರದ ಪಟ್ಟಿಯೊಂದನ್ನು ಕಟ್ಟಿರುತ್ತಾರೆ. ಆ ಪಟ್ಟಿ ಕೊಳೆತು ಹರಿದಾಗ ಪ್ರವಾಹವು ಸುಮ್ಮನಿರದೆ, ಕ್ಲಚ್ಚಿನ ಅಥವಾ ಆಕ್ಸಿಲರೇಟರಿನ ಉಕ್ಕಿನ ತಂತಿಯನ್ನೇ ದಾರಿಯಾಗಿ ಮಾಡಿಕೊಳ್ಳುತ್ತದೆ. ತಂತಿ ಕಾದು, ಅದರ ಪ್ಲಾಸ್ಟಿಕ್ ಒಳಕೊಳವೆ ಕರಗಿ, ಕ್ಲಚ್ಚು ಬಿಗಿಯಾಗುತ್ತದೆ. ಹಳೆಯ ಗಾಡಿಗಳಲ್ಲಿ ಮತ್ತೆ ಮತ್ತೆ ಕ್ಲಚ್ ತಂತಿಯನ್ನು ಬದಲಾಯಿಸಿಯೂ ನಿಜವಾದ ಕಾರಣವನ್ನು ಕಾಣದೆ ಹೋಗುವುದು ಹೀಗೆ. ಹೊಸ ಅರ್ತ್ ಕೇಬಲ್ಲನ್ನು ಕೂಡಿಸುವಾಗ ಚಾಸಿಯ ಮೇಲಿನ ಬಣ್ಣವನ್ನೂ ತುಕ್ಕನ್ನೂ ಉಪ್ಪುಕಾಗದದಿಂದ ಹೊಳೆಯುವವರೆಗೆ ಉಜ್ಜಿ, ಬಿಗಿದ ಮೇಲೆ ಹೊರಗಿನಿಂದ ಗ್ರೀಸು ಸವರಬೇಕು. ಬಣ್ಣದ ಮೇಲೆ ಬಿಗಿದ ಅರ್ತು ಅರ್ತೇ ಅಲ್ಲ.

ಕೂಡಿಸುವಾಗ ಪಾಲಿಸಬೇಕಾದ ಎಚ್ಚರಿಕೆಗಳು ಕೆಲವೇ ಆದರೂ ಉಲ್ಲಂಘಿಸುವಂತಿಲ್ಲ. ಕೈಯಲ್ಲಿನ ಉಂಗುರ, ಕಡಗಗಳನ್ನು ತೆಗೆದಿಡಬೇಕು. ಬಿಚ್ಚುವಾಗ ಮೈನಸ್ಸನ್ನು ಮೊದಲು ಬಿಚ್ಚಬೇಕು, ಕೂಡಿಸುವಾಗ ಅದನ್ನೇ ಕಡೆಗೆ ಕೂಡಿಸಬೇಕು. ಆಗ ಪ್ಲಸ್ಸಿನ ಮೇಲಿರುವ ಸ್ಪಾನರು ಗಾಡಿಯ ಮೈಗೆ ತಗುಲಿದರೂ ಕಿಡಿ ಹಾರುವುದಿಲ್ಲ. ಚಾರ್ಜಾದ ಬ್ಯಾಟರಿಯ ಸುತ್ತ ಜಲಜನಕ ನಿಂತಿರುವುದು ಸಂಭವವಾದ್ದರಿಂದ ಒಂದು ಕಿಡಿಯೂ ಬ್ಯಾಟರಿಯನ್ನು ಸಿಡಿಸಿ ಕಣ್ಣಿಗೆ ಆಮ್ಲವನ್ನು ಎರಚಬಲ್ಲದು. ಗೂಟಗಳ ಮೇಲಿನ ಪುಡಿಯನ್ನು ಅಡಿಗೆ ಸೋಡಾ ಕಲಸಿದ ನೀರಿನಿಂದ ತೊಳೆದರೆ ಆಮ್ಲವು ನೊರೆಯಾಗಿ ಶಮನವಾಗುತ್ತದೆ. ಆ ನೀರು ಬ್ಯಾಟರಿಯ ಒಳಗೆ ಇಳಿಯದಂತೆ ನೋಡಿಕೊಳ್ಳಬೇಕು. ಪ್ಲಸ್ ಕೇಬಲ್ಲು ಸೈಲೆನ್ಸರಿನ ಬಿಸಿ ಕೊಳವೆಗೂ ತಗಡಿನ ಹರಿತ ಅಂಚಿಗೂ ತಾಗದಂತೆ ಕಟ್ಟಬೇಕು. ಸೆಲ್ಫ್ ಮೋಟರಿಗೆ ಹೋಗುವ ಈ ಕೇಬಲ್ಲಿಗೆ ಬಹುತೇಕ ಹಳೆಯ ಗಾಡಿಗಳಲ್ಲಿ ಫ್ಯೂಸಿನ ಕಾವಲಿಲ್ಲ. ಹೊದಿಕೆ ಸವೆದು ಮೈಗೆ ತಗುಲಿದರೆ ಗಾಡಿಗೇ ಬೆಂಕಿ.

ಈ ಸ್ವಾವಲಂಬನೆಗೂ ಒಂದು ಗಡಿಯುಂಟು. ಮೈನಸ್ ಟರ್ಮಿನಲ್ಲಿನ ಮೇಲೆಯೇ ಸಣ್ಣದೊಂದು ಸಂವೇದಕವನ್ನು ಕೂಡಿಸಿರುವ, ನಿಂತಾಗ ತಾನೇ ಎಂಜಿನ್ನನ್ನು ಆರಿಸಿ ಮತ್ತೆ ಹೊರಡಿಸುವ ಇತ್ತೀಚಿನ ಕಾರುಗಳಲ್ಲಿ ಮನಬಂದ ಕೇಬಲ್ಲನ್ನು ಹಾಕುವುದು ಸಲ್ಲದು. ಅವುಗಳಿಗೆ ತಯಾರಕರ ಭಾಗವೇ ಬೇಕು. ವಿದ್ಯುತ್ ವಾಹನಗಳ ಕಿತ್ತಲೆ ಬಣ್ಣದ ಕೇಬಲ್ಲುಗಳಲ್ಲಿ ಪ್ರಾಣಾಂತಿಕವಾದ ವೋಲ್ಟೇಜು ಇರುವುದರಿಂದ ತರಬೇತಿಯಿಲ್ಲದವರು ಅವುಗಳನ್ನು ಮುಟ್ಟಲೇಬಾರದು. ನಾನು ಹೇಳುತ್ತಿರುವುದು ನಮ್ಮ ರಸ್ತೆಗಳಲ್ಲಿಯೂ ಹೊಲಗಳಲ್ಲಿಯೂ ಇಂದಿಗೂ ದುಡಿಯುತ್ತಿರುವ, ಸರಳ ರಚನೆಯ 12 ವೋಲ್ಟಿನ ಗಾಡಿಗಳನ್ನು ಕುರಿತು.

ಬದಲಾಯಿಸಿ ತೆಗೆದ ಹಳೆಯ ಕೇಬಲ್ಲನ್ನು ಬಿಸಾಡಬಾರದು. ಗುಜರಿಯವನು ತಾಮ್ರಕ್ಕೆ ತೂಕದ ಮೇಲೆ ಒಳ್ಳೆಯ ಬೆಲೆ ಕೊಡುತ್ತಾನೆ; ಹೊಸದರ ವೆಚ್ಚದ ಒಂದು ಪಾಲು ಅಲ್ಲಿಯೇ ಹಿಂದಿರುಗುತ್ತದೆ. ಆದರೆ ಹೊದಿಕೆಯನ್ನು ಸುಟ್ಟು ತಾಮ್ರವನ್ನು ತೆಗೆಯುವ ಪದ್ಧತಿಯನ್ನು ಬಿಡಬೇಕು. ಆ ಪ್ಲಾಸ್ಟಿಕ್ಕಿನ ಹೊಗೆ ವಿಷ, ಮೊದಲು ಅದನ್ನು ಉಸಿರಾಡುವವರು ಸುಡುವವರ ಮನೆಯ ಮಕ್ಕಳೇ. ಚಾಕುವಿನಿಂದ ಸೀಳಿ ತೆಗೆದರೆ ಸಾಕು.

ಕಡೆಯದಾಗಿ ವ್ಯಾಪಾರಿಗಳಲ್ಲಿಯೂ ಆಳುವವರಲ್ಲಿಯೂ ನನ್ನದೊಂದು ಬಿನ್ನಹವಿದೆ. ಕೊಂಡ ವಸ್ತುವಿನ ಗುಣ, ಪ್ರಮಾಣ, ಶುದ್ಧತೆಗಳನ್ನು ತಿಳಿಯುವ ಹಕ್ಕನ್ನು 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಪ್ರತಿಯೊಬ್ಬ ಗ್ರಾಹಕನಿಗೂ ಕೊಟ್ಟಿದೆ. ಹೀಗಿರುವಲ್ಲಿ ಸಿದ್ಧ ಬ್ಯಾಟರಿ ಕೇಬಲ್ಲಿನ ಮೇಲೆ ಅದರ ಲೋಹ ಯಾವುದು, ಅದರ ದಪ್ಪ ಎಷ್ಟು ಚದರ ಮಿಲಿಮೀಟರು ಎಂಬೆರಡು ಸಂಗತಿಗಳನ್ನು ಅಳಿಯದಂತೆ ಮುದ್ರಿಸುವುದು ತಯಾರಕನಿಗೆ ಭಾರವಾಗುವ ಕೆಲಸವಲ್ಲ. ಕನ್ನಡದಲ್ಲಿ ಮುದ್ರಿಸಿದರಂತೂ ಟ್ರ್ಯಾಕ್ಟರಿನ ರೈತನೂ ಆಟೋದವನೂ ತಾವೇ ಓದಿಕೊಂಡಾರು. ಮುದ್ರೆಯಿಲ್ಲದ ಕೇಬಲ್ಲನ್ನು ಮಾರತಕ್ಕದ್ದಲ್ಲವೆಂದು ಸರಕಾರ ನಿಯಮ ಮಾಡಲಿ. ಐಟಿಐಗಳಲ್ಲಿ ಮೋಟಾರು ವಾಹನದ ಕೆಲಸ ಕಲಿಯುವ ಪ್ರತಿಯೊಬ್ಬ ಹುಡುಗನೂ ಬ್ಯಾಟರಿಯನ್ನು ದೂರುವ ಮೊದಲು ಕೇಬಲ್ಲಿನ ವೋಲ್ಟೇಜು ನಷ್ಟವನ್ನು ಅಳೆಯುವುದನ್ನು ರೂಢಿಮಾಡಿಕೊಳ್ಳಲಿ. ಅಲ್ಲಿಯವರೆಗೆ ಕೊಳ್ಳುವವರಾದ ತಾವೇ ಅಂಗಡಿಯ ಕಟ್ಟೆಯ ಮುಂದೆ ನಿಂತು ಲೋಹ ಯಾವುದು, ಎಷ್ಟು ಚದರ ಮಿಲಿಮೀಟರು ಎಂದು ಕೇಳಬೇಕು; ಒಂದು ಎಳೆಯನ್ನು ಹೆರೆದು ತೋರಿಸೆನ್ನಬೇಕು; ಉತ್ತರ ಹೇಳಲೊಲ್ಲದ ಅಂಗಡಿಯಿಂದ ಕೇಬಲ್ಲನ್ನು ಕೊಳ್ಳದೆ ಮುಂದಿನ ಅಂಗಡಿಗೆ ಹೋಗಬೇಕು.